ಅಕ್ಕನ ಬಲಗಾಲು

ಬೆಳಿಗ್ಗೆ ಕಾರು ಹೊರಡುವ ಮೊದಲು ನಮ್ಮಕ್ಕ ಒಂದು ಕೆಲಸವನ್ನು ಎಂದೂ ತಪ್ಪಿಸಿದವಳಲ್ಲ. ಬ್ರೇಕ್ ತುಳಿದು, ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತೇ ಎಂದು ಕನ್ನಡಿಯಲ್ಲಿ ನೋಡುತ್ತಾಳೆ. ಬಿದ್ದರೆ ಸರಿ, ಅವಳ ದಿನ ಶುರುವಾದಂತೆ.

ಅಕ್ಕ ಟ್ಯಾಕ್ಸಿ ಓಡಿಸುತ್ತಾಳೆ. ಈಚೆಗೆ ಬಲ ಮೊಣಕಾಲು ಹಟ ಹಿಡಿದಿತ್ತು. ಹೆದ್ದಾರಿಯಲ್ಲಿ ಒಂದೇ ಸಮ ಎಕ್ಸಿಲರೇಟರ್ ಒತ್ತಿ ಕೂತರೆ ಇಳಿಯುವಾಗ ಬಾಗಿಲನ್ನೋ ಗೋಡೆಯನ್ನೋ ಹಿಡಿಯಬೇಕು. ಕಾರು ಮಾರಿಬಿಡೋಣ ಎಂದು ಭಾವ ಪಟ್ಟು ಹಿಡಿದರು. ಅಕ್ಕ ಊಟ ಬಿಟ್ಟಳೇ ಹೊರತು ಒಪ್ಪಲಿಲ್ಲ. ಕೊನೆಗೆ ಹಳೆಯದನ್ನು ಕೊಟ್ಟು ಕ್ರೂಸ್ ಕಂಟ್ರೋಲ್ ಇರುವ ಕಾರು ತಂದಳು. ಒಂದು ಗುಂಡಿ ಒತ್ತಿದರೆ ಸಾಕು, ವೇಗವನ್ನು ಕಾರೇ ಹಿಡಿದುಕೊಳ್ಳುತ್ತದೆ. ಪಕ್ಕದ ಪಟ್ಟಣಕ್ಕೆ ಹೋಗಿ ಬರುವುದು, ಕಾಲು ತಡೆದುಕೊಂಡರೆ ಕಾರು ಅವಳದು, ಇಲ್ಲದಿದ್ದರೆ ಮಾರಾಟ. ಗಂಡ ಹೆಂಡಿರ ಒಪ್ಪಂದ ಇಷ್ಟೇ. ಸಾಕ್ಷಿಗೆ ನಾನು ಹಿಂದಿನ ಸೀಟಿನಲ್ಲಿ.

ಊರು ದಾಟಿ ರಸ್ತೆ ಖಾಲಿಯಾದಾಗ ಅಕ್ಕ ಗುಂಡಿ ಒತ್ತಿ ಕಾಲು ತೆಗೆದಳು. ವೇಗ ಕಿಂಚಿತ್ತೂ ಇಳಿಯಲಿಲ್ಲ! ಅವಳ ಮುಖ ಅರಳಿದ್ದು ಕನ್ನಡಿಯಲ್ಲಿ ಕಂಡಿತು. ಸಮುದ್ರದ ಮೇಲೆ ತೇಲಿದ ಹಾಗಿದೆ ಎಂದಳು. ಸಮುದ್ರ ಯಾವಾಗ ನೋಡಿದ್ದೆ ಎಂದು ಪಕ್ಕದ ಸೀಟಿನಿಂದ ಭಾವ ಕಾಲೆಳೆದರು. ನಗುನಗುತ್ತಲೇ ಅಕ್ಕ ಆ ಬಲಗಾಲನ್ನು ಎತ್ತಿ ಸೀಟಿನ ಮೇಲೆ ಮಡಚಿಟ್ಟಳು, ಟ್ಯಾಕ್ಸಿ ಸ್ಟ್ಯಾಂಡಿನ ಬೆಂಚಿನ ಮೇಲೆ ಹರಟುತ್ತಾ ಕೂರುವ ಹಾಗೆಯೇ.

ಮುಂದೆ ಹೋಗುತ್ತಿದ್ದ ಲಾರಿ ನಿಧಾನವಾಯಿತು. ನಮ್ಮ ಕಾರಿಗೆ ಅದರ ಪರಿವೆಯೇ ಇಲ್ಲ. ಮಡಚಿದ ಕಾಲು ಸೀರೆಯ ನೆರಿಗೆಗೆ ಸಿಕ್ಕಿಕೊಂಡಿತು. ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ. ಅಕ್ಕ ಹೇಗೋ ಕಾಲು ಬಿಡಿಸಿಕೊಂಡಿರಬೇಕು, ಬ್ರೇಕ್ ಕಿರುಚಿತು, ನೀರಿನ ಬಾಟಲಿ ಉರುಳಿ ನನ್ನ ಕಾಲಿಗೆ ಬಡಿಯಿತು. ಕಣ್ಣು ತೆರೆದರೆ ಲಾರಿಯ ಹಿಂಬದಿ ಕೈಗೆಟಕುವಷ್ಟು ಹತ್ತಿರ.

ರಸ್ತೆ ಬದಿಗೆ ನಿಲ್ಲಿಸಿ ಅಕ್ಕ ನೀರು ಕುಡಿದಳು. ಭಾವ ಏನೋ ಹೇಳಲು ಬಾಯಿ ತೆರೆದರು, ಅವಳೇ ಮೊದಲು ಹೇಳಿದಳು.

“ತಪ್ಪು ಕಾರಿಂದಲ್ಲ ರೀ. ಅದು ವೇಗ ನೋಡ್ಕೊಳ್ಳುತ್ತೆ, ಲಾರಿ ನೋಡಲ್ಲ. ನೋಡೋಕೆ ನಾನಿದೀನಲ್ಲ.”

ಸೀರೆಯನ್ನು ಬಿಗಿಯಾಗಿ ಸಿಕ್ಕಿಸಿ ಮತ್ತೆ ಹೊರಟಳು. ಈಗ ಪಾದ ನೆಲದ ಮೇಲೆ, ಬ್ರೇಕಿನ ಮಗ್ಗುಲಲ್ಲೇ. ಮುಂದಿನ ವಾಹನ ದೂರವಿದ್ದರೆ ಮಾತ್ರ ಗುಂಡಿ. ತಿರುವು ಕಂಡರೆ, ಜನ ಕಂಡರೆ ಬ್ರೇಕನ್ನು ಹಗುರವಾಗಿ ಮುಟ್ಟಿ ವೇಗವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದಳು. ಗಾಜಿನ ಮೇಲೆ ತುಂತುರು ಬಿದ್ದೊಡನೆ ಕ್ರೂಸ್ ಕಂಟ್ರೋಲನ್ನೇ ಪೂರ್ತಿ ಆರಿಸಿದಳು. ಈಗಲೇ ತಾನೆ ಕಾಲಿಗೆ ಆರಾಮ ಬೇಕಾದದ್ದು ಎಂದರು ಭಾವ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದರೂ ಇದು ವೇಗ ಬಿಡದೆ ಎಳೆಯುತ್ತದೆ, ಕಾಲು ನೊಂದರೆ ನೋಯಲಿ ಎಂದಳು. ಮಳೆ ನಿಂತು ರಸ್ತೆ ಒಣಗುವವರೆಗೂ ತಾನೇ ಎಕ್ಸಿಲರೇಟರ್ ಒತ್ತಿದಳು.

ಪಟ್ಟಣ ಬಂತು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಅಕ್ಕ ಬಾಗಿಲು ತೆರೆದು ಬಲಗಾಲನ್ನು ನೆಲಕ್ಕಿಟ್ಟಳು, ಎದ್ದು ನಿಂತಳು. ಏನನ್ನೂ ಹಿಡಿಯಲಿಲ್ಲ. ಸ್ವಲ್ಪ ಕುಂಟುತ್ತಲೇ ಹೋಗಿ ಮೂವರಿಗೂ ಚಹಾ ಹೇಳಿ ಬಂದಳು.

ಚಹಾ ಮುಗಿಸಿ ಭಾವ ಕೈ ಚಾಚಿದರು. ಅವರ ದನಿ ಮೆತ್ತಗಾಗಿತ್ತು.

“ನೀನೇ ಗೆದ್ದೆ ಕಣೆ, ಒಪ್ಪಿದೆ. ಕೀ ಕೊಡು, ವಾಪಸ್ ನಾನು ಓಡಿಸ್ತೀನಿ. ನೀನು ಹಿಂದೆ ಕಾಲು ಚಾಚ್ಕೊಂಡು ಕೂತ್ಕೋ.”

“ಬೇಡ ರೀ,” ಎಂದು ಅಕ್ಕ ಕೀಯನ್ನು ಮುಷ್ಟಿಯಲ್ಲಿ ಹಿಡಿದಳು. “ಹೋಗಿ ಬರೋದು ಅಂತ ತಾನೆ ಮಾತಾಗಿದ್ದು? ಈಗ ಬರೀ ಹೋಗಿದ್ದಾಯ್ತು, ಬರೋದು ಬಾಕಿ ಇದೆ.”