ಸೈರಿಲನ ಬೆನ್ನು

ಸೈರಿಲ್ ತನ್ನ ಅತ್ತೆಯ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವನಲ್ಲ. ಆದ್ದರಿಂದ ಈ ಕಥೆಯಲ್ಲೂ ಅದು ಬರುವುದಿಲ್ಲ. ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ನಾಡಿನ ನಮ್ಮ ಯೋಲ್ಙು ಮಂದಿಯಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು, ಕೈಯಿಂದ ಕೈಗೆ ಒಂದು ಲೋಟ ಚಹಾವನ್ನೂ ದಾಟಿಸಬಾರದು. ಜಗಳವಾಡಿಕೊಂಡು ಅಲ್ಲ, ಮರ್ಯಾದೆಗೆ. ಆಕೆ ಬರುವ ಸದ್ದಾದರೆ ಸಾಕು, ಸೈರಿಲ್ ಬೆನ್ನು ತಿರುಗಿಸುತ್ತಾನೆ. ಮದುವೆಯಾದಂದಿನಿಂದ ಆಕೆ ನೋಡಿದ್ದು ಆ ಬೆನ್ನನ್ನೇ.

ಸೈರಿಲ್ ಯಿಡಾಕಿ ಮಾಡುವವನು. ಗೆದ್ದಲು ತಿಂದು ಪೊಳ್ಳು ಮಾಡಿದ ಮರವನ್ನು ಹುಡುಕಿ, ಕಡಿದು, ತೊಗಟೆ ಹೆರೆದು, ಬಾಯಿಗೆ ಕಾಡುಜೇನಿನ ಮೇಣ ಹಚ್ಚಿದರೆ ಊದಿ ನುಡಿಸುವ ಯಿಡಾಕಿಯಾಗುತ್ತದೆ. ಹೇಳುವುದಕ್ಕೆ ಇಷ್ಟೇ. ದಿನವಿಡೀ ಕೊಡಲಿಯ ಹಿಂಬದಿಯಿಂದ ಮರಗಳನ್ನು ತಟ್ಟುತ್ತಾ ಅಲೆದು, ಬರಿಗೈಯಲ್ಲಿ ಮನೆಗೆ ಬಂದು, ಹೆಂಡತಿ ಲೋರ್ನಾಳಿಂದ ಬೈಸಿಕೊಂಡವನಿಗೇ ಗೊತ್ತು ಅದರ ಕಷ್ಟ.

ಮಾರುವ ಕೆಲಸ ಅತ್ತೆಯದು. ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಆಕೆಗೆ ಕಂಪ್ಯೂಟರು ನೀರು ಕುಡಿದಷ್ಟು ಸಲೀಸು. ಆನ್‌ಲೈನ್ ಅಂಗಡಿಯೊಂದರಲ್ಲಿ ತನ್ನ ಹೆಸರಲ್ಲಿ ಖಾತೆ ತೆರೆದು ಅಳಿಯನ ಯಿಡಾಕಿಗಳನ್ನು ಇಟ್ಟಳು. ಮಾಡಿದವನ ಫೋಟೋ ಬೇಕೆಂದು ಅಂಗಡಿಯವರು ಕೇಳಿದಾಗ ಕ್ಯಾಮೆರಾ ಹಿಡಿದವಳೂ ಆಕೆಯೇ. ಹೆಗಲ ಮೇಲೆ ಯಿಡಾಕಿ, ತಲೆಗೆ ಕೆಂಪು ಟೋಪಿ, ಕಾಡಿನ ಕಡೆ ನಡೆಯುತ್ತಿರುವ ಸೈರಿಲ್. ಬರೀ ಬೆನ್ನು. ಅತ್ತೆಯಾದವಳು ಇನ್ನು ಹೇಗೆ ತೆಗೆದಾಳು?

ಆ ಬೆನ್ನನ್ನು ಯಾರೋ ಕದ್ದರು.

ಒಂದು ಬೆಳಿಗ್ಗೆ ಲೋರ್ನಾ ಫೋನು ತಂದು ಗಂಡನ ಮೂಗಿಗೆ ಹಿಡಿದಳು. ಅದೇ ಅಂಗಡಿಯಲ್ಲಿ ಇನ್ನೊಬ್ಬ ವ್ಯಾಪಾರಿ. ಅದೇ ಕೆಂಪು ಟೋಪಿ, ಅದೇ ಬೆನ್ನು. ಕೆಳಗೆ, ‘ಬುಡಕಟ್ಟಿನ ಹಿರಿಯ ಸೈರಿಲ್ ಕೈಯಾರೆ ಮಾಡಿದ್ದು’ ಎಂಬ ಬರಹ. ಅದರ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು, ಎಲ್ಲಿಂದಲೋ ಹಡಗು ಹತ್ತಿ ಬಂದ ಕೊಳವೆಗಳು.

“ಇದು ಬಿದಿರು ಕಣೇ!” ಎಂದ ಸೈರಿಲ್. “ಮೈತುಂಬ ಸಿಡುಬು ಎದ್ದಂಗೆ ಈ ಚುಕ್ಕಿ ಬೇರೆ. ನಾನ್ಯಾವಾಗ ಚುಕ್ಕಿ ಇಟ್ಟಿದ್ದೆ?”

“ನೀನೇ ಇಟ್ಟಿದ್ದು ಅಂತ ಬರ್ದವ್ರೆ. ನನಗೆ ಗೊತ್ತಿಲ್ದಂಗೆ ಫ್ಯಾಕ್ಟರಿ ಗಿಕ್ಟರಿ ಇಟ್ಕೊಂಡಿದೀಯಾ?”

ಅವತ್ತು ಇಬ್ಬರೂ ನಕ್ಕರು. ನಗು ನಿಂತದ್ದು ಮೆಲ್ಬರ್ನಿನ ಸಂಗೀತದ ಮೇಷ್ಟರ ಸಂದೇಶ ಬಂದಾಗ. ಎಷ್ಟೋ ವರ್ಷಗಳಿಂದ ಸೈರಿಲನ ಯಿಡಾಕಿಯನ್ನೇ ಬೇಕೆಂದು ತರಿಸಿಕೊಳ್ಳುತ್ತಿದ್ದ ಮನುಷ್ಯ. ಈ ಸಲ ಬೆನ್ನಿನ ಫೋಟೋ ನೋಡಿ ಆ ವ್ಯಾಪಾರಿಯಿಂದ ಕೊಂಡಿದ್ದ. ಒಂದೇ ವಾರಕ್ಕೆ ಸೀಳಿತಂತೆ. ‘ನೀವೂ ಹೀಗೆ ಮಾಡುತ್ತೀರಿ ಎಂದುಕೊಂಡಿರಲಿಲ್ಲ ಸೈರಿಲ್. ಇನ್ನು ನಿಮ್ಮ ಕೈಯದು ಬೇಡ’ ಎಂದು ಬರೆದಿದ್ದ.

ಸೈರಿಲ್ ಅದನ್ನು ಮತ್ತೆ ಓದಿಸಿಕೊಂಡ. ದುಡ್ಡು ಹೋದರೆ ಸಮುದ್ರದಲ್ಲಿ ಮೀನಿದೆ, ಕೆಸರಿನಲ್ಲಿ ಚಿಪ್ಪು ಇದೆ, ಹೊಟ್ಟೆ ಹೇಗೋ ನಡೆಯುತ್ತದೆ. ಕೈಯ ಹೆಸರು ಕೆಟ್ಟರೆ ಎಲ್ಲಿ ಹೋಗಿ ಹುಡುಕುವುದು? ಅವನಿಗೆ ಅಂದು ಊಟ ಸೇರಲಿಲ್ಲ.

ಆಮೇಲೆ ಶುರುವಾಯಿತು ದೂರಿನ ಗೋಳು. ಅತ್ತೆ ಅಂಗಡಿಯವರಿಗೆ ಬರೆದಳು. ‘ನಿಮ್ಮ ಕಾಳಜಿ ನಮಗೆ ಮುಖ್ಯ’ ಎಂಬ ಉತ್ತರ ಬಂತು. ಮತ್ತೆ ಬರೆದಳು. ಮತ್ತೆ ಅದೇ ಉತ್ತರ, ಒಂದಕ್ಷರವೂ ಬದಲಾಗದೆ. ಯಂತ್ರದ ಜೊತೆ ಮನುಷ್ಯ ಎಷ್ಟು ದಿನ ಏಗಬಹುದು? ಕೊನೆಗೆ ಜೀವವಿರುವ ಒಬ್ಬರು ಫೋನಿನಲ್ಲಿ ಸಿಗುತ್ತಾರೆಂದಾಯಿತು.

ಆ ದಿನ ಅತ್ತೆ ತನ್ನ ಮನೆಯೊಳಗೆ ಮೇಜಿನ ಮುಂದೆ ಕೂತಳು. ಸೈರಿಲ್ ಹೊರಗೆ, ತಗಡಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಇಬ್ಬರ ನಡುವೆ ಬಾಗಿಲಲ್ಲಿ ಲೋರ್ನಾ, ಬಾಗಿಲಿಗಡ್ಡ ಮಲಗಿದ ಮುದಿ ನಾಯಿ ಟೈಗರ್. ಎಲ್ಲರಿಗೂ ಕೇಳಲೆಂದು ಫೋನಿನ ದನಿ ದೊಡ್ಡದು ಮಾಡಿದ್ದರು. ಮಾತಾಡಿದವಳು ಬೆಣ್ಣೆಯಂಥ ದನಿಯ ಒಬ್ಬ ಹುಡುಗಿ.

“ಫೋಟೋದಲ್ಲಿ ಮುಖ ಕಾಣಲ್ವಲ್ಲಮ್ಮ. ಇದು ಸೈರಿಲ್ ಅವರೇ ಅಂತ ಹೇಗೆ ಹೇಳ್ತೀರಿ?”

“ಅವನ ಬೆನ್ನು ನಂಗೊತ್ತಿಲ್ವಾ? ಎಡ ಹೆಗಲು ಸ್ವಲ್ಪ ಇಳಿದಿದೆ ನೋಡು. ಮರ ಹೊತ್ತೂ ಹೊತ್ತೂ ಹಂಗಾಗಿದ್ದು.”

“ಬೆನ್ನು ಸಾಕ್ಷಿ ಆಗಲ್ಲಮ್ಮ. ಅವರ ಗುರುತಿನ ಚೀಟಿ ಕಳಿಸಿದೀರಲ್ಲ, ಅದರಲ್ಲಿರೋ ಮುಖ ಅವರದೇ ಅಂತ ಖಾತೆದಾರರಾದ ನೀವು ಖಚಿತ ಮಾಡ್ಬೇಕು. ಮಾಡ್ತೀರಾ?”

ಹೊರಗೆ ಸೈರಿಲ್ ತಗಡಿಗೆ ಕಿವಿ ಹಚ್ಚಿದ. ಹೂಂ ಎಂದರೆ ಮುಗಿಯಿತು, ಆ ಹಾಳು ಪುಟ ಅಲ್ಲಿಂದ ಹೋಗುತ್ತದೆ.

“ಆ ಚೀಟಿ ಕಳಿಸಿದ್ದು ನನ್ನ ಮಗಳು,” ಎಂದಳು ಅತ್ತೆ. “ನಾನು ಅದನ್ನ ನೋಡಿಲ್ಲ. ನನ್ನ ಅಳಿಯನ ಮುಖ ನಾನು ನೋಡಲ್ಲ.”

“ಅಂದ್ರೆ, ಅವರನ್ನ ನೀವು ಭೇಟಿನೇ ಆಗಿಲ್ವಾ?”

“ದಿನಾ ಆಗ್ತೀನಿ. ಮುಖ ನೋಡಲ್ಲ ಅಷ್ಟೆ.”

ಲೋರ್ನಾ ತಲೆ ಚಚ್ಚಿಕೊಂಡು ಒಳಗೆ ನುಗ್ಗಿದಳು. “ಏ ಹುಡುಗಿ, ನಾನು ಅವನ ಹೆಂಡ್ತಿ. ನಾ ಹೇಳ್ತೀನಿ ಕೇಳು, ಅದು ಅವನದೇ ಮುಖ. ದಿನಾ ಬೆಳಿಗ್ಗೆ ನೋಡಿ ನೋಡಿ ಸಾಕಾಗಿದೆ!”

“ಕ್ಷಮಿಸಿ, ಖಾತೆ ಇರೋರ ಮಾತನ್ನ ಮಾತ್ರ ತಗೋತೀವಿ. ಅವರಿಗೇ ಕಲಾವಿದರ ಪರಿಚಯ ಇಲ್ಲ ಅಂದ್ಮೇಲೆ ದೂರು ಮುಚ್ತಾ ಇದೀವಿ. ಪರಿಶೀಲನೆ ಆಗೋವರೆಗೂ ನಿಮ್ಮ ಯಿಡಾಕಿಗಳನ್ನೂ ತೆಗೆದಿಡ್ತೀವಿ. ಆ ಇನ್ನೊಬ್ಬ ವ್ಯಾಪಾರಿ ಬಗ್ಗೆ ಗ್ರಾಹಕರಿಗೆ ಒಳ್ಳೆ ಅಭಿಪ್ರಾಯ ಇದೆ. ಶುಭ ದಿನ.”

ಫೋನು ಸತ್ತಿತು. ಲೋರ್ನಾ ಅದಕ್ಕೆ ಬಾಯಿಗೆ ಬಂದಂತೆ ಬೈದಳು. ಬೈದರೆ ಏನು ಬಂತು? ಕಳ್ಳ ಅಂಗಡಿಯಲ್ಲೇ ಉಳಿದ, ಮಾಲಿನ ಒಡೆಯನನ್ನು ಬೀದಿಗೆ ಹಾಕಿದರು. ಮೈಯೆಲ್ಲ ಉರಿಯುವಂಥ ನ್ಯಾಯ.

“ಅಮ್ಮಾ, ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಲೋರ್ನಾ ತಾಯಿಯ ಮೇಲೆ ಹಾರಿಬಿದ್ದಳು.

ಅತ್ತೆ ಬಾಗಿಲಿನ ನಾಯಿಯ ಕಡೆ ತಿರುಗಿದಳು. ಅತ್ತೆ ಅಳಿಯನಿಗೆ ಏನಾದರೂ ಹೇಳಲೇಬೇಕಾದಾಗ ನಾಯಿಗೆ ಹೇಳುವುದು ಆ ಮನೆಯ ರೂಢಿ.

“ಕೇಳಿದ್ಯಾ ಟೈಗರ್? ನಾನು ನಿಜ ಹೇಳಿ ಒಬ್ಬರ ಹೆಸರು ಹಾಳು ಮಾಡ್ದೆ. ನನ್ನ ಮೇಲೆ ಅವರಿಗೆ ಸಿಟ್ಟು ಬಂದಿದ್ರೆ ತಪ್ಪಿಲ್ಲ.”

ಸೈರಿಲನಿಗೆ ಸಿಟ್ಟು ಬಂದಿತ್ತು, ಕಣ್ಣು ಕತ್ತಲೆ ಬರುವಷ್ಟು. ಆ ಕಳ್ಳನ ಮೇಲೆ, ಬೆಣ್ಣೆ ದನಿಯ ಮೇಲೆ, ತನ್ನನ್ನು ಕೇಳದೆಯೇ ನಂಬುವುದು ಬಿಟ್ಟ ಮೇಷ್ಟರ ಮೇಲೆ. ಕೊಡಲಿ ಎತ್ತಿಕೊಂಡು ಎದ್ದು ನಿಂತ. ಕಾಡಿನ ಕಡೆ ಮುಖ ಮಾಡಿಯೇ ಜೋರಾಗಿ ಹೇಳಿದ.

“ಟೈಗರ್, ಅವರಿಗೆ ಹೇಳು. ನನ್ನ ಮುಖ ನೋಡಿದೀನಿ ಅಂತ ಅವರು ಸುಳ್ಳು ಹೇಳಿದ್ದಿದ್ರೆ, ನಾನು ಈ ಊರಲ್ಲಿ ಯಾರಿಗೆ ಮುಖ ತೋರಿಸ್ಲಿ?”

ಅಷ್ಟು ಹೇಳಿ ಕೆಂಪು ಟೋಪಿ ಸರಿಮಾಡಿಕೊಂಡು ನಡೆದ. ಅತ್ತೆ ಎದ್ದು ಬಾಗಿಲಿಗೆ ಬಂದಳು. ಆ ಬೆನ್ನು ಮರಗಳ ನಡುವೆ ಮರೆಯಾಗುವವರೆಗೂ ನೋಡುತ್ತಾ ನಿಂತಳು.