ಬೆಟ್ಟದ ಮಾದಾಂ ಬೆಟ್ಟಕ್ಕೆ ಹೋದದ್ದು

ಇಪ್ಪತ್ತಾರು ವರ್ಷ ಕಂಡಕಂಡವರಿಗೆಲ್ಲ ಕಾರಿನ ಚಕ್ರಕ್ಕೆ ಚೈನು ಕಟ್ಟುವುದನ್ನು ಕಲಿಸಿದ ಮರಿವೋನ್ ಜೊಸ್ರಾಂ, ಫೆಬ್ರವರಿಯ ಒಂದು ಶನಿವಾರ ಹಾಡಹಗಲೇ ಗಿರಾಕಿಗಳ ಎದುರಿಗೆ ತಮ್ಮನ್ನೇ ಚಕ್ರಕ್ಕೆ ಕಟ್ಟಿಕೊಂಡುಬಿಟ್ಟರು.

ಜಿನೀವಾ ವಿಮಾನ ನಿಲ್ದಾಣದ ಫ್ರೆಂಚ್ ಮಗ್ಗುಲಲ್ಲಿದೆ ನಮ್ಮ ಬಾಡಿಗೆ ಕಾರಿನ ಕೌಂಟರು. ಸ್ಕೀ ಆಡಲು ಬಂದವರಿಗೆ ಕೀಲಿಕೈ ಕೊಡುವುದು, ಹಿಮದ ದಾರಿಗೆ ಬೇಕಾದ ಚೈನಿನ ಡಬ್ಬಿಯನ್ನು ಡಿಕ್ಕಿಯಲ್ಲಿಡುವುದು ಎಲ್ಲ ಕೌಂಟರಿನವರ ಕೆಲಸ. ಆ ಚೈನನ್ನು ಹಾಕುವುದು ಹೇಗೆಂದು ಕಾರಿನ ಬಳಿಗೇ ಬಂದು ಮಂಡಿಯೂರಿ ತೋರಿಸುವುದು ಮರಿವೋನ್ ಒಬ್ಬರದೇ ಪದ್ಧತಿ. ಚೈನಿಗೆ ಹೊರಟವರಿಗೆ ಚೈನು ಕಲಿಸುವ ಪುಣ್ಯದ ಕೆಲಸ.

ಆ ದಿನ ಒಂದು ಇಂಗ್ಲಿಷ್ ಕುಟುಂಬ ಸುತ್ತ ನಿಂತಿತ್ತು. "ಹಿಂದಿಂದ ಕೊಕ್ಕೆ, ಮುಂದಿಂದ ಎಳೆತ, ಅಷ್ಟೇ, ಮುಗೀತು!" ಎಂದು ಮರಿವೋನ್ ಏಳಲು ಹೋದರು. ಏಳಲಾಗಲಿಲ್ಲ. ಕೊರಳಿನ ಉದ್ದನೆಯ ಹಸಿರು ಶಾಲು ಚಕ್ರದ ಹಿಂದಿನ ಕೊಕ್ಕೆಯೊಳಗೆ ಸೇರಿ ಚೈನಿನ ಜೊತೆಯಲ್ಲೇ ಬಿಗಿದುಕೊಂಡಿತ್ತು. ಗದ್ದ ಟೈರಿಗೆ ತಾಗುವಷ್ಟು ಹತ್ತಿರ. ಬೇರೆಯವರಾಗಿದ್ದರೆ ಕೂಗಿಕೊಳ್ಳುತ್ತಿದ್ದರು. ಮರಿವೋನ್ ಹಾಗೇ ಬಾಗಿಕೊಂಡು, "ನೋಡಿದ್ರಲ್ಲ, ಎಷ್ಟು ಬಿಗಿ ಇರ್ಬೇಕು ಅಂತ," ಎಂದು ಪಾಠ ಮುಂದುವರಿಸಿದರು.

ಆ ಕುಟುಂಬದ ಯಜಮಾನ ಶ್ರದ್ಧಾವಂತ ವಿದ್ಯಾರ್ಥಿ. ತಲೆಯಾಡಿಸಿದ. ತನ್ನ ಕೊರಳಿನ ಮಫ್ಲರ್ ಬಿಚ್ಚಿ, ಇನ್ನೊಂದು ಚಕ್ರದ ಬಳಿ ಮಂಡಿಯೂರಿ, ಅದನ್ನು ಜೋಪಾನವಾಗಿ ಚೈನಿನೊಳಗೆ ನೇಯ್ದ.

"ಇಷ್ಟು ಬಿಗಿ ಸಾಕಾ, ಮಾದಾಂ?"

ಆ ಹೊತ್ತಿಗೇ ಮೊಸ್ಯೂ ಗ್ರೆಮೋ ಬರಬೇಕೆ!

ಗ್ರೆಮೋ ಅದೇ ಕಟ್ಟಡದ ಸ್ವಿಸ್ ಮಗ್ಗುಲಿನ ಕೌಂಟರಿನವರು. ಕಟ್ಟಡ ಒಂದೇ, ದೇಶ ಎರಡು, ನಡುವೆ ಒಂದು ಓಣಿ, ಓಣಿಯಲ್ಲಿ ಸುಂಕದವರ ಬಾಗಿಲು. ಗಡಿ ಇದ್ದಲ್ಲಿ ಗಡಿಬಿಡಿ ಇದ್ದೇ ಇರುತ್ತದೆ. ಅಲ್ಲಿ ಕಾರು ಗೊತ್ತುಮಾಡಿದವರು ಇಲ್ಲಿಗೆ ಬಂದು ಕೂಗಾಡುತ್ತಾರೆ, ಇಲ್ಲಿಯವರು ಅಲ್ಲಿ. ಹಾಗೆ ದಾರಿ ತಪ್ಪಿದ ಒಬ್ಬ ಗಿರಾಕಿಯನ್ನು ಕರೆತಂದಿದ್ದ ಗ್ರೆಮೋ, ಟೈರನ್ನು ತಬ್ಬಿ ಕೂತ ಮರಿವೋನ್ ಅವರನ್ನು ಹಬ್ಬದ ಮೆರವಣಿಗೆ ನೋಡುವಂತೆ ಕಣ್ತುಂಬ ನೋಡಿದರು. ಆಮೇಲೆ ಜೇಬಿನಿಂದ ಚಾಕು ತೆಗೆದು ಶಾಲನ್ನು ಸರಕ್ಕನೆ ಕೊಯ್ದರು.

"ಬೆಟ್ಟದಲ್ಲಿ ಹುಟ್ಟಿದವರು ಚೈನ್ ಹಾಕೋದು ಹೀಗಾ, ಮಾದಾಂ? ನಮ್ಮ ಕಡೆ ಹಸು ಕಟ್ಟೋದು ಹೀಗೆ."

"ಬಿಚ್ಚೋಕೆ ಬರಲ್ಲ, ಕೊಯ್ಯೋಕೆ ಬರುತ್ತೆ," ಎಂದರು ಮರಿವೋನ್, ಅರ್ಧ ಶಾಲಿನಲ್ಲೂ ತಲೆಯೆತ್ತಿ. "ಹಸುಗಳ ಪುಣ್ಯ, ನೀವು ಕಾರಿನ ಕೆಲಸಕ್ಕೆ ಬಂದ್ರಿ."

ನಗು ಬಂದರೂ ನಾನು ನಗಲಿಲ್ಲ. ಗ್ರೆಮೋ ಕಣ್ಣಿನಲ್ಲಿ ಸಂಶಯದ ಒಂದು ಸಣ್ಣ ದೀಪ ಹೊತ್ತಿಕೊಂಡದ್ದು ಕಾಣುತ್ತಿತ್ತು. ಆ ದೀಪಕ್ಕೆ ಎಣ್ಣೆ ಎಷ್ಟಿದೆ ಎಂಬುದು ಹನ್ನೊಂದು ವರ್ಷದಿಂದ ಮರಿವೋನ್ ಅವರ ಎಡಗಡೆ ಕೂತಿದ್ದ ನನಗೂ ಆಗ ಗೊತ್ತಿರಲಿಲ್ಲ.

ನಮ್ಮ ಕೌಂಟರಿನ ಮೇಲೆ ಒಂದು ಹಿತ್ತಾಳೆಯ ಫಲಕವಿದೆ: 'ಬೆಟ್ಟದ ಮಾದಾಂ. ದಾರಿ ಇವರನ್ನು ಕೇಳಿ.' ಬಹಳ ಹಿಂದಿನ ಮ್ಯಾನೇಜರ್ ಒಬ್ಬ ಅದನ್ನು ಮಾಡಿಸಿ ಸ್ಕ್ರೂ ಹಾಕಿ ಕೂರಿಸಿದ್ದ. ಮೇಲಿನ ಯಾವ ಊರಿಗೆ ಹೊರಟವರಾದರೂ ಸರಿ, ಮರಿವೋನ್ ಕಣ್ಣು ಅರ್ಧ ಮುಚ್ಚಿ ದಾರಿ ಹೇಳುತ್ತಿದ್ದರು. ಎಲ್ಲಿ ಚೈನು ಹಾಕಬೇಕು, ಯಾವ ತಿರುವಿನಲ್ಲಿ ಬಸ್ಸು ಎದುರಾಗುತ್ತದೆ, ಯಾವ ಬೇಕರಿಯವಳು ಕಕ್ಕಸಿನ ಬೀಗದ ಕೈ ಕೊಡುವುದಿಲ್ಲ. ಸ್ವಿಸ್ ಕಡೆ ಕಾರು ತೆಗೆದುಕೊಂಡವರೂ ಓಣಿ ದಾಟಿ ಬಂದು ಇವರನ್ನೇ ಕೇಳಿ ಹೋಗುತ್ತಿದ್ದರು.

ಗ್ರೆಮೋ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ. ಅವರು ಗ್ರುಯೇರ್ ಬೆಟ್ಟದ ದನಗಾಹಿಯ ಮಗ. ನಡೆಯಲು ಕಲಿತದ್ದೇ ಇಳಿಜಾರಿನಲ್ಲಿ. ಇಪ್ಪತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ಅವರನ್ನು ಬೆಟ್ಟದ ದಾರಿ ಕೇಳಿರಲಿಲ್ಲ. ಅವರನ್ನು ಕೇಳುತ್ತಿದ್ದದ್ದು ಒಂದೇ ದಾರಿ, ಮರಿವೋನ್ ಅವರ ಕೌಂಟರಿಗೆ ಹೋಗುವ ದಾರಿ.

ಶಾಲು ಕೊಯ್ದ ಮಾರನೆಯ ದಿನ ಅವರು ಮತ್ತೆ ಬಂದರು.

"ಮಾದಾಂ, ಮುಂದಿನ ತಿಂಗಳು ನಿವೃತ್ತಿ ಅಂತೆ. ಕೊನೇ ಭಾನುವಾರ ನಮ್ಮನ್ನೊಮ್ಮೆ ಬೆಟ್ಟದ ಮೇಲೆ ಪ್ರಲೋಂ ಊರಿಗೆ ಕರ್ಕೊಂಡು ಹೋಗಿ. ಕಾರು ನಾನು ಓಡಿಸ್ತೀನಿ, ದಾರಿ ನೀವು ಹೇಳಿ. ಎಲ್ಲಾದ್ರೂ ತಪ್ಪಿದ್ರೋ, ಈ ಫಲಕ ನನ್ನ ಕೌಂಟರಿಗೆ."

"ತಪ್ಪದಿದ್ರೆ?"

"ತಪ್ಪದಿದ್ರೆ ನಿಮ್ಮ ಫಲಕ ನೀವು ಮನೆಗೆ ತಗೊಂಡು ಹೋಗಿ. ಸ್ಕ್ರೂ ನಾನೇ ಬಿಚ್ಚಿಕೊಡ್ತೀನಿ."

"ಬಿಚ್ಚೋಕೆ ಬರುತ್ತಾ?" ಎಂದರು ಮರಿವೋನ್. ಸುತ್ತ ಇದ್ದವರೆಲ್ಲ ಹೋ ಎಂದರು. ಒಪ್ಪಂದವಾಗಿಹೋಯಿತು.

ಗ್ರೆಮೋ ಅತ್ತ ಹೋಗಿದ್ದೇ ತಡ, ಮರಿವೋನ್ ನನ್ನನ್ನು ಹಿಂದಿನ ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದರು.

"ಮಾರಾಯ್ತಿ, ವಾಂತಿ ಬರದ ಹಾಗೆ ಒಂದು ಮಾತ್ರೆ ಇದೆಯಲ್ಲ, ಅದು ಎರಡು ತಗೊಂಡ್ರೆ ಏನಾಗುತ್ತೆ?"

"ಯಾರಿಗೆ?"

"ಬೆಟ್ಟದ ಮಾದಾಂಗೆ."

ಹಾಗೆ ಹೊರಬಿತ್ತು ಗುಟ್ಟು. ಮರಿವೋನ್ ಹುಟ್ಟಿದ್ದು ಬ್ರೆಸ್ ಬಯಲಿನಲ್ಲಿ. ದೋಸೆ ಕಾವಲಿಯಷ್ಟು ಸಪಾಟು ನೆಲ. ಅಪ್ಪ ಬಿಳಿ ಕೋಳಿ ಸಾಕುತ್ತಿದ್ದವರು. ಊರಲ್ಲಿ ಎತ್ತರದ್ದು ಅಂದರೆ ಚರ್ಚಿನ ಗೋಪುರ ಒಂದೇ, ಅದನ್ನೂ ಇವರು ಹತ್ತಿರಲಿಲ್ಲ. ಕಾರು ಎರಡು ಸಲ ಹೊರಳಿದರೆ ಹೊಟ್ಟೆಯೂ ಹೊರಳುವ ಜಾಯಮಾನ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಯಾರೋ ಗಿರಾಕಿ, "ನೀವು ಮೇಲಿನವರಾ?" ಎಂದು ಕೇಳಿದನಂತೆ. ಇವರು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್, "ಅಲ್ಲೇ ಹುಟ್ಟಿದ್ದು!" ಎಂದನಂತೆ. ಆಮೇಲೆ ಹಿತ್ತಾಳೆಯಲ್ಲಿ ಬರೆಸಿಯೇಬಿಟ್ಟ. ಹಿತ್ತಾಳೆಯ ಜೊತೆ ವಾದ ಮಾಡುವುದು ಹೇಗೆ?

"ಮತ್ತೆ ಆ ದಾರಿ, ತಿರುವು, ಬೇಕರಿ, ಎಲ್ಲ?"

"ಬೈದವರು ಹೇಳಿದ್ದು."

ನಿಜ. ಪ್ರತಿ ವಾರ ಕಾರು ವಾಪಸು ಕೊಡಲು ಬಂದವರು ಕೌಂಟರಿಗೆ ಮೊಣಕೈಯೂರಿ ತಮ್ಮ ಗೋಳು ಸುರಿಯುತ್ತಾರೆ. ಉಳಿದ ನಾವೆಲ್ಲ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆವು. ಮರಿವೋನ್ ಮಾತ್ರ ಎರಡೂ ಕಿವಿಯಲ್ಲಿ ಕೇಳಿ ಒಳಗೇ ಬೀಗ ಹಾಕಿಟ್ಟುಕೊಂಡರು. ಗರಗಸದ ಮಿಲ್ಲಿನ ಮುಂದೆ ಕಾರು ಜಾರಿತೆಂದು ಒಬ್ಬಳು ಅತ್ತರೆ, ಮಾರನೆಯ ದಿನದಿಂದ ಎಲ್ಲರಿಗೂ ಹಿತವಚನ: "ಮಿಲ್ಲಿನ ಹತ್ರ ಚೈನ್ ಹಾಕ್ಕೊಳ್ಳಿ." ಏಳನೆಯ ತಿರುವಿನಲ್ಲಿ ಮಗು ವಾಂತಿ ಮಾಡಿತೆಂದು ಒಬ್ಬ ಕೂಗಾಡಿದರೆ, "ಆರನೇ ತಿರುವಲ್ಲಿ ಕಿಟಕಿ ತೆಗೀರಿ." ಬೈಗುಳ ಬಾಚಿ ಬಾಚಿ ಭೂಪಟ ಮಾಡಿದ್ದರು. ಆ ಭೂಪಟ ನಂಬಿ ಹೋದವರು ಒಬ್ಬರೂ ದಾರಿ ತಪ್ಪಿರಲಿಲ್ಲ.

"ಆ ಫಲಕ ಅವನ ಕೌಂಟರಿಗೆ ಹೋದ್ರೆ ಇಪ್ಪತ್ತಾರು ವರ್ಷ ನಾನು ಇಲ್ಲಿ ಕೂತದ್ದೇ ಸುಳ್ಳು ಅಂತಾಗುತ್ತೆ," ಎಂದರು. ಮಾತಿನಲ್ಲಿ ತಮಾಷೆ ಇರಲಿಲ್ಲ. "ನೀನು ಏನೂ ಹೇಳ್ಬೇಡ."

ನಾನು ಕಲಿತದ್ದು ಸನ್ಯಾಸಿನಿಯರ ಶಾಲೆಯಲ್ಲಿ. ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ಇರುವ ಅಂತರ ನನಗೆ ಚೆನ್ನಾಗಿ ಗೊತ್ತು. ಸುಮ್ಮನಿದ್ದೆ.

ಆ ಭಾನುವಾರ ಬೆಳಿಗ್ಗೆ ನಮ್ಮ ಕೌಂಟರಿನಿಂದಲೇ ಒಂದು ಬೂದುಬಣ್ಣದ ಪುಟ್ಟ ಕಾರು ತೆಗೆದದ್ದಾಯಿತು. ಬಾಡಿಗೆ ಗ್ರೆಮೋ ಹೆಸರಿನಲ್ಲಿ. ಮರಿವೋನ್ ತಮ್ಮ ಕೊನೆಯ ಗಿರಾಕಿಗೂ ರಿಯಾಯಿತಿ ತೋರಿಸದೆ ಕಾರಿನ ಸುತ್ತ ಬೆರಳಾಡಿಸಿಕೊಂಡು ಒಂದು ಸುತ್ತು ಬಂದರು.

"ಎಲ್ಲೂ ಒಂದು ಗೀರಿಲ್ಲ. ನೋಡಿಕೊಂಡು ಸಹಿ ಹಾಕಿ. ಪೂರ್ತಿ ವಿಮೆ ಬೇಕಾ?"

"ನನಗೇ ವಿಮೆ ಮಾರ್ತೀರಾ ಮಾದಾಂ! ಹಿಮದಲ್ಲಿ ಅಂಬೆಗಾಲಿಟ್ಟವನು ನಾನು."

"ಎಲ್ಲರೂ ಹಾಗೇ ಹೇಳ್ತಾರೆ," ಎಂದು ಮರಿವೋನ್ 'ಬೇಡ' ಎಂಬಲ್ಲಿ ಗುರುತು ಹಾಕಿದರು.

ಸ್ವಿಸ್ ಹೆದ್ದಾರಿಯಲ್ಲಿ ಹೋಗಬೇಕಾದರೆ ರಸ್ತೆ ಸುಂಕ ಕಟ್ಟಿ ಗಾಜಿಗೆ ವರ್ಷದ ಚೀಟಿ ಅಂಟಿಸಬೇಕು. ನಮ್ಮ ಕಡೆಯ ಕಾರಿಗೆ ಅದಿರುವುದಿಲ್ಲ. ಒಂದು ದಿನದ ಆಟಕ್ಕೆ ವರ್ಷದ ಚೀಟಿ ಕೊಳ್ಳಲು ಗ್ರೆಮೋ ಜೀವ ಒಪ್ಪಲಿಲ್ಲ. ಹಾಗಾಗಿ ಅಪ್ಪಟ ಸ್ವಿಸ್ ಪ್ರಜೆಯೊಬ್ಬರು ತಮ್ಮ ದೇಶವನ್ನು ಮುಟ್ಟದೆ, ದೇವಸ್ಥಾನ ಬಳಸಿದ ಹಾಗೆ ಬಳಸಿಕೊಂಡು ಹೊರಟರು. ಮರಿವೋನ್ ಮುಂದಿನ ಸೀಟಿನಲ್ಲಿ, ಉಳಿದ ಅರ್ಧ ಶಾಲನ್ನೇ ಕೊರಳಿಗೆ ಸುತ್ತಿಕೊಂಡು, ಎರಡು ಮಾತ್ರೆ ನುಂಗಿ. ನಾನು ಹಿಂದೆ ಬಲಗಡೆ.

ಕ್ಲೂಸ್ ಊರು ದಾಟಿ ದಾರಿ ಮೊದಲ ಸಲ ಹೊರಳುತ್ತಲೇ ಮರಿವೋನ್ ಕಣ್ಣು ಮುಚ್ಚಿದರು.

"ನಿದ್ದೆನಾ ಮಾದಾಂ? ದಾರಿ ಹೇಳೋರು ಯಾರು?"

"ಈ ದಾರಿಗೆ ಕಣ್ಣು ಬೇರೆ ಬೇಕಾ ನನಗೆ? ಈಗ ಎಡಕ್ಕೆ ಗರಗಸದ ಮಿಲ್ಲು. ಅದರ ಮುಂದೆ ನಿಲ್ಲಿಸಿ, ಚೈನ್ ಹಾಕ್ಬೇಕು."

ಮಿಲ್ಲು ಬಂತು. ಅದರ ಮುಂದೆ ಒಬ್ಬ ಜಾಂದಾರ್ಮ್, ಅಂದರೆ ಅಲ್ಲಿಯ ಪೊಲೀಸಿನವನು, ಕೂಡ ನಿಂತಿದ್ದ. ಚಳಿಗಾಲದ ಟೈರು ಇಲ್ಲದ ಕಾರುಗಳನ್ನೆಲ್ಲ ಬದಿಗೆ ಹಾಕಿಸುತ್ತಿದ್ದ. ಕಾನೂನು ಜಾರಿಯಲ್ಲಿದ್ದರೆ ಕಾರು ಜಾರುವುದಿಲ್ಲ ಎಂಬುದು ಅವನ ನಂಬಿಕೆ. ಗ್ರೆಮೋ ಠೀವಿಯಿಂದ ಇಳಿದು ಡಬ್ಬಿ ತೆರೆದರು. ತೆರೆದವರು ನಿಂತರು. ಸ್ವಿಸ್ ಕಡೆಯ ಕಾರುಗಳಿಗೆ ಚಳಿಗಾಲದ ಟೈರು ಇದ್ದೇ ಇರುತ್ತದೆ. ಅಪ್ಪನ ಹಸುಗಳೂ ಬರಿಗಾಲಿನಲ್ಲೇ ಬೆಟ್ಟ ಹತ್ತಿದವು. ಬೆಟ್ಟದ ಮಗ ಜೀವಮಾನದಲ್ಲಿ ಚೈನು ಮುಟ್ಟಿದವರಲ್ಲ! ಗಂಟುಬಿದ್ದ ಶಾವಿಗೆಯನ್ನು ನೋಡುವಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದರು.

"ಮೊಸ್ಯೂ, ಅದು ಕೊರಳಿಗಲ್ಲ, ಚಕ್ರಕ್ಕೆ," ಎಂದ ಜಾಂದಾರ್ಮ್.

ಮರಿವೋನ್ ಕಾರು ನಿಂತಿದ್ದ ಧೈರ್ಯಕ್ಕೆ ಕಣ್ಣು ತೆರೆದು ಇಳಿದರು. ಮೊದಲು ಶಾಲು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಮಂಡಿಯೂರಿದರು. ಹಿಂದಿನಿಂದ ಕೊಕ್ಕೆ, ಮುಂದಿನಿಂದ ಎಳೆತ. ಎರಡೂ ಚಕ್ರ ಸೇರಿ ನಾಲ್ಕು ನಿಮಿಷ.

"ಮಾದಾಂ ಮೇಲಿನವರಾ?" ಎಂದ ಜಾಂದಾರ್ಮ್, ಮೆಚ್ಚಿಕೊಂಡು.

ಮರಿವೋನ್ ನನ್ನ ಕಡೆ ನೋಡಿದರು. ನಾನು ಮಿಲ್ಲಿನ ಕಡೆ ನೋಡಿದೆ.

"ಅಲ್ಲಿಯವರೇ ಅಂತೆ," ಎಂದರು ಗ್ರೆಮೋ, ಬೇವಿನೆಲೆ ಅಗಿದ ದನಿಯಲ್ಲಿ.

ಮತ್ತೆ ಕಣ್ಣು ಮುಚ್ಚಿತು, ದಾರಿ ಬಿಚ್ಚಿಕೊಂಡಿತು. "ಈಗ ಕೈ ಮುರಿದ ಶಿಲುಬೆ." ಬಂತು. "ಈಗ ಚೀಸಿನ ಅಂಗಡಿ, ಅಲ್ಲಿಯವನು ಚಿಲ್ಲರೆ ಕೊಡಲ್ಲ." ಅಂಗಡಿ ಬಂತು. ಚಿಲ್ಲರೆ ಪರೀಕ್ಷಿಸಲು ಯಾರೂ ಇಳಿಯಲಿಲ್ಲ. "ಏಳನೇ ತಿರುವು, ಇಲ್ಲಿ ಡಚ್ಚರ ಮಕ್ಕಳು ವಾಂತಿ ಮಾಡ್ತಾರೆ." ತಿರುವಿನಲ್ಲಿ ಡಚ್ಚರ ಹಳದಿ ನಂಬರಿನ ಕಾರೊಂದು ನಿಂತಿತ್ತು. ಪಕ್ಕದಲ್ಲಿ ಒಂದು ಹುಡುಗಿ ಹಿಮಕ್ಕೆ ಬಾಗಿತ್ತು, ಅಮ್ಮ ಬೆನ್ನು ತಟ್ಟುತ್ತಿದ್ದಳು. ಗ್ರೆಮೋ ಸ್ಟಿಯರಿಂಗ್ ಮೇಲೇ ಶಿಲುಬೆಯ ಗುರುತು ಹಾಕಿಕೊಂಡರು. ಮರಿವೋನ್ ಮುಖ ಸುಣ್ಣದಂತಾಗಿತ್ತು. ಡಚ್ ಹುಡುಗಿಯ ಜೊತೆ ಸೇರಿಕೊಳ್ಳುವ ಆಸೆಯನ್ನು ಹಲ್ಲು ಕಚ್ಚಿ ತಡೆಯುತ್ತಿದ್ದರೆಂದು ಹಿಂದೆ ಕೂತ ನನಗೆ ಮಾತ್ರ ಗೊತ್ತು.

"ಹನ್ನೆರಡನೇದು. ಇಲ್ಲಿ ಬಸ್ ಬರುತ್ತೆ. ಬಲಕ್ಕೆ ಕಲ್ಲಿನ ಗೋಡೆ ಇದೆ, ಅತ್ತ ಒತ್ತಬೇಡಿ, ನಿಂತುಬಿಡಿ."

"ತಿರುವಲ್ಲಿ ಓಡಿಸೋದನ್ನ ನನಗೆ ಹೇಳ್ಕೊಡ್ಬೇಡಿ, ಮಾದಾಂ."

ಬಸ್ಸು ಬಂತು. ಗ್ರೆಮೋ ಬಲಕ್ಕೆ ಒತ್ತಿದರು. ನನ್ನ ಮೊಣಕೈಯ ಪಕ್ಕದಲ್ಲೇ ಕರ್ರ್ ಎಂದಿತು.

"ಏನದು?" ಎಂದೆ.

"ಚೈನಿನ ಸದ್ದು," ಎಂದರು ಗ್ರೆಮೋ.

"ಹೂಂ," ಎಂದರು ಮರಿವೋನ್, ಕಣ್ಣು ಮುಚ್ಚಿಯೇ.

ಹದಿನಾಲ್ಕು ತಿರುವೂ ಮುಗಿದು ಪ್ರಲೋಂ ಬಂತು. ಗ್ರೆಮೋ ಕಾರು ನಿಲ್ಲಿಸಿದರು. ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಮರಿವೋನ್ ಮಡಿಲಲ್ಲಿಟ್ಟರು. ಫಲಕ ಬಿಚ್ಚಿಕೊಂಡು ಹೋಗಲೆಂದು ಬೆಳಿಗ್ಗೆಯೇ ತಂದಿಟ್ಟುಕೊಂಡಿದ್ದರು ಎಂದಾಯಿತು!

"ಒಂದು ತಿರುವೂ ತಪ್ಪಲಿಲ್ಲ. ಫಲಕ ನಿಮ್ಮದು, ಮಾದಾಂ."

ಎಲ್ಲರೂ ಇಳಿದೆವು. ಆ ಬೆಳಿಗ್ಗೆ ಮೋಡದ ಚೂರೂ ಇರಲಿಲ್ಲ. ಎದುರಿಗೆ ಮೋಂ ಬ್ಲಾಂ ಶಿಖರ ಯಾವ ಸಂಕೋಚವೂ ಇಲ್ಲದೆ ಬಿಸಿಲಿನಲ್ಲಿ ಪೂರ್ತಿ ನಿಂತಿತ್ತು. ಮರಿವೋನ್ ಕಾರಿನ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಕಣ್ಣು ತೆರೆದರು. ಕೋಳಿಗಳ ಬಯಲಿನಿಂದ ಬಂದ ಹೆಂಗಸು ಇಪ್ಪತ್ತಾರು ವರ್ಷ ಬೇರೆಯವರನ್ನೇ ಕಳಿಸಿದ ಜಾಗ.

ಗ್ರೆಮೋ ದಡ್ಡರಲ್ಲ. ಆ ಮುಖ ನೋಡಿದರು, ಸುಣ್ಣದ ಬಣ್ಣ ನೋಡಿದರು, ಬಾಗಿಲು ಬಿಡದ ಕೈ ನೋಡಿದರು. ಎಲ್ಲ ಅರ್ಥವಾಯಿತೆಂದು ತೋರುತ್ತದೆ. ಟೋಪಿ ತೆಗೆದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ಕೊಂಕಿರಲಿಲ್ಲ.

"ಮಾದಾಂ ಜೊಸ್ರಾಂ, ಗೆದ್ದಿದ್ದು ನೀವೇ, ಅದರ ಮಾತಿಲ್ಲ. ಆದ್ರೂ ನಿಜ ಹೇಳಿ. ಇವತ್ತೇ ಮೊದಲ ಸಲ ನೋಡ್ತಿರೋದು, ಅಲ್ವಾ? ಹೇಗಿದೆ?"

ಮರಿವೋನ್ ಕಾರಿನ ಸುತ್ತ ಬೆರಳಾಡಿಸಿಕೊಂಡು ಒಂದು ಸುತ್ತು ಬಂದರು, ಬೆಟ್ಟದ ಕಡೆ ಬೆನ್ನು ಹಾಕಿ ಬಗ್ಗಿದರು, ಕನ್ನಡಕ ಏರಿಸಿಕೊಂಡರು.

"ಬಲಗಡೆ ಹಿಂದಿನ ಬಾಗಿಲು," ಎಂದರು. "ಒಂದು ಗೇಣು ಗೀರಿದೆ. ಹೊರಡುವಾಗ ಇರ್ಲಿಲ್ಲ."