ಇಂಚುಮಾಮನ ಮುಕ್ಕಾಲು ಗಂಟೆಯ ಸ್ನಾನ

ಬೀದಿಗೆಲ್ಲ ಅವರು ಇಂಚುಮಾಮ. ಮೂವತ್ತೆಂಟು ವರ್ಷ ಕೋಟು, ಪ್ಯಾಂಟು ಹೊಲಿದು, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಭುಜ ನೋಡುವ ಚಾಳಿ ಅಂಟಿಸಿಕೊಂಡ ದರ್ಜಿ. ಅಳತೆಯಲ್ಲಿ ಅವರನ್ನು ಮೀರಿಸುವವರಿಲ್ಲವೆಂದು ಬೀದಿ ಒಪ್ಪಿತ್ತು. ಬೀದಿಗಿಂತ ಮೊದಲೇ ಅವರು ಒಪ್ಪಿದ್ದರು. ಇಂಥ ಮನುಷ್ಯ ಅರವತ್ತೆರಡನೆಯ ವಯಸ್ಸಿನಲ್ಲಿ ಸ್ನಾನದ ಟಬ್ಬಿಗೆ ಹೆದರಿಕೊಂಡು ಬದುಕುತ್ತಿದ್ದರು.

ಆದದ್ದಿಷ್ಟು. ಒಂದೂವರೆ ತಿಂಗಳ ಹಿಂದೆ ಷವರ್ ನಿಲ್ಲಿಸಿ ಟಬ್ಬಿನ ಅಂಚು ದಾಟುವಾಗ ಎಡಗಾಲು ಜಾರಿತು. ಬೆನ್ನು ಟಬ್ಬಿನ ತಳಕ್ಕೆ ಅಂಟಿತು, ಕಾಲೆರಡೂ ಸೂರು ನೋಡುತ್ತಿದ್ದವು. ಮೂಳೆ ಮುರಿಯಲಿಲ್ಲ, ಏಳಲು ಮಾತ್ರ ಆಗಲಿಲ್ಲ. ಹೆಂಡತಿಯನ್ನು ಕೂಗಿದರು. ಬಾಯಿಂದ ಬಂದ ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ. ಇಪ್ಪತ್ತು ನಿಮಿಷ ಒದ್ದಾಡಿ, ಹೊರಳಿ, ಹೇಗೋ ಎದ್ದು, ತಲೆ ಬಾಚಿಕೊಂಡು ಏನೂ ಆಗದವರಂತೆ ಹೊರಗೆ ಬಂದರು. ಹೇಳಿದರೆ ಹೆಂಡತಿ "ಇನ್ನು ಅಂಗಡಿ ಮುಚ್ಚಿ" ಅಂದುಬಿಟ್ಟರೆ? ಹೇಳಲಿಲ್ಲ.

ಅಂದಿನಿಂದ ಅವರು ಟಬ್ಬಿಗೆ ಇಳಿಯಲಿಲ್ಲ. ಷವರ್ ಜೋರಾಗಿ ಬಿಟ್ಟು, ತಾವು ಹೊರಗೇ ನಿಂತು, ಒದ್ದೆ ಟವೆಲಿನಿಂದ ಮೈ ಒರೆಸಿಕೊಳ್ಳುತ್ತಿದ್ದರು. ಅನುಮಾನ ಬರದಿರಲೆಂದು ನಡುನಡುವೆ ಎರಡು ಸಾಲು ಹಾಡು. ಇಷ್ಟಕ್ಕೆಲ್ಲ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಹೆಂಡತಿ ಇದಕ್ಕೆ ತಮ್ಮದೇ ಅರ್ಥ ಹಚ್ಚಿದರು. "ಈ ವಯಸ್ಸಲ್ಲಿ ನಿಮ್ಗೆ ಸ್ನಾನದ ಹುಚ್ಚು ಹಿಡಿದಿದೆ. ಹಿಡೀಲಿ ಬಿಡಿ, ಇನ್ನೇನೋ ಹಿಡಿಯೋದಕ್ಕಿಂತ ವಾಸಿ. ನಾನು ಉಳಿಸಿದ ದುಡ್ಡಿದೆ, ಆಳದ ಟಬ್ ಹಾಕಿಸ್ತೀನಿ. ಕುತ್ತಿಗೆ ತನಕ ನೀರಲ್ಲಿ ಆರಾಮಾಗಿ ಕೂತ್ಕೊಳ್ಳಿ."

ಕುತ್ತಿಗೆ ಎಂಬ ಮಾತಿಗೇ ಇಂಚುಮಾಮ ಕಾಲರಿನ ಗುಂಡಿ ಬಿಚ್ಚಿಕೊಂಡರು. ಆದರೂ ಟೈಲ್ಸ್ ಮೇಸ್ತ್ರಿ ಫೋನಿನಲ್ಲಿ ಅಳತೆ ಕೇಳಿದಾಗ ದರ್ಜಿಯ ಅಭಿಮಾನ ಸುಮ್ಮನಿರಲಿಲ್ಲ. ಟಬ್ಬಿಗೆ ಇಳಿಯದೆ, ಅಂಚಿನ ಗುಂಟ ಟೇಪು ಎಳೆದು, ಲೆಕ್ಕ ಬರೆದು ಕಳಿಸಿದರು.

ಮರುದಿನ ಬೆಳಿಗ್ಗೆ ಮೇಸ್ತ್ರಿಯೇ ಬಾಗಿಲಿಗೆ ಬಂದ. "ಗೋಡೆಯಿಂದ ಗೋಡೆಗೆ ಐದಡಿ ಎರಡಿಂಚು ಅಂದಿದೀರಿ ಸಾರ್. ಈ ಕಟ್ಟಡದಲ್ಲಿ ಎಲ್ಲರ ಮನೇಲೂ ಐದಡಿನೇ."

"ಎರಡಿಂಚು ಒಳಮಡಿಕೆಗೆ ಬಿಟ್ಟಿದ್ದು," ಎಂದರು ಇಂಚುಮಾಮ. "ನಾಳೆ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡ್ಬಹುದಲ್ಲ."

"ಗೋಡೆನಾ?"

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮೇಸ್ತ್ರಿ ಬಚ್ಚಲಿಗೆ ಬಂದು ಟಬ್ಬನ್ನು ಎರಡು ಸಲ ತಟ್ಟಿ ನೋಡಿದ. "ಮೂರು ದಾರಿ ಇದೆ. ಹಳೇ ಟಬ್ಬಿಗೆ ಲೇಪ ಬಳಿಯೋದು, ಹದಿನೆಂಟು ಸಾವಿರ. ನೋಡೋಕೆ ಹೊಸದಾಗತ್ತೆ, ಜಾರೋದೂ ಹೊಸದರ ಹಾಗೇ ಜಾರತ್ತೆ. ಅಮ್ಮಾವ್ರು ಹೇಳಿದ ಆಳದ್ದು, ಅಂಚೇ ಎರಡಡಿ, ಕೂಲಿ ಸೇರಿ ಒಂದು ಲಕ್ಷದ ಹತ್ತು ಸಾವಿರ. ಇಲ್ಲಾಂದ್ರೆ ಟಬ್ಬೇ ಕಿತ್ತು, ನೆಲ ಸಮ ಮಾಡಿ, ಒರಟು ಟೈಲ್ಸು, ಗೋಡೆಗೊಂದು ಹಿಡಿಕೆ, ಷವರ್. ಪೈಪು ಸರಿಸಬೇಕು, ಕೆಳಗಿನ ಮನೆಗೆ ಸೋರದ ಹಾಗೆ ಪದರ ಕೊಡಬೇಕು. ತೊಂಬತ್ತು ಸಾವಿರ."

ಇಂಚುಮಾಮನಿಗೆ ಹೋದ ಜೀವ ಅರ್ಧ ಮರಳಿ ಬಂತು. "ಆ ಮೂರನೇದು..." ಎಂದು ಬಾಯಿ ತೆರೆದರು.

"ಅದು ಬಿಡಿ ಸಾರ್, ತೀರಾ ವಯಸ್ಸಾದವ್ರಿಗೆ."

"ಆಳದ್ದೇ ಹಾಕು," ಎಂದುಬಿಟ್ಟರು ಇಂಚುಮಾಮ. ಹೇಳಿದ್ದು ತಮ್ಮ ಬಾಯೇ ಎಂಬುದು ಅವರಿಗೆ ತಿಳಿದದ್ದು ಆಮೇಲೆ.

"ಹಾಗಾದ್ರೆ ಸರಿಯಾಗಿ ಅಳೀಬೇಕು. ಒಳಗಿಳಿದು ಆ ತುದಿ ಹಿಡ್ಕೊಳ್ಳಿ."

ಟೇಪಿನ ತುದಿ ಕೈಗೆ ಬಂತು. ಮೇಸ್ತ್ರಿ ಬರುವ ಮೊದಲಷ್ಟೇ ಹೆಂಡತಿಯ ಸ್ನಾನ ಮುಗಿದಿತ್ತು, ಟಬ್ಬು ಹೊಳೆಯುತ್ತಿತ್ತು. ಇಂಚುಮಾಮ ಬಲಗಾಲೆತ್ತಿದರು. ಕಾಲು ಅಂಚಿನ ಮೇಲೆ ಗಾಳಿಯಲ್ಲೇ ನಿಂತಿತು. ಮುಂದಕ್ಕೂ ಹೋಗಲೊಲ್ಲದು, ಹಿಂದಕ್ಕೂ ಬರಲೊಲ್ಲದು. ಕಿವಿಯಲ್ಲಿ ಗುಂಯ್ ಅಂದಿತು.

"ಏನ್ರೀ ಅದು, ಕೊಕ್ಕರೆ ಹಾಗೆ?" ಎಂದ ಹೆಂಡತಿ, ಅವರ ಮುಖ ಕಂಡದ್ದೇ ನಗು ನಿಲ್ಲಿಸಿದರು. ಹಣೆಯಿಂದ ಬೆವರು ಮೂಗಿಗಿಳಿಯುತ್ತಿತ್ತು.

"ಹಿಡ್ಕೊಳ್ಳೇ," ಎಂದರು ಇಂಚುಮಾಮ ಸಣ್ಣಗೆ. "ಬಿದ್ದುಬಿಡ್ತೀನಿ. ಒಂದ್ಸಲ ಬಿದ್ದಿದೀನಿ ಇದರಲ್ಲಿ."

ಮೇಸ್ತ್ರಿ ಒಂದು ರಟ್ಟೆ, ಹೆಂಡತಿ ಇನ್ನೊಂದು ರಟ್ಟೆ ಹಿಡಿದು ಅವರನ್ನು ನೆಲಕ್ಕಿಳಿಸಿದರು.

"ಯಾವತ್ತು ಬಿದ್ದಿದ್ದು?"

"ನಿಮ್ಮಕ್ಕ ಬಂದಿದ್ರಲ್ಲ, ಅವತ್ತು."

"ನಾನು ಮನೆಲೇ ಇದ್ದೆನಲ್ರೀ! ಕೂಗೋಕೆ ಬಾಯಿಗೇನಾಗಿತ್ತು?"

"ಕೂಗಿದೆ. ನೀವಿಬ್ರೂ ಯಾವುದಕ್ಕೋ ಜೋರಾಗಿ ನಗ್ತಾ ಇದ್ರಿ."

ಹೆಂಡತಿ ಮೇಸ್ತ್ರಿಯ ಕಡೆ ತಿರುಗಿದರು. "ಮೂರನೇದು ಮಾಡಪ್ಪ. ಹಿಡಿಕೆ ಒಂದಲ್ಲ, ಎರಡು."

"ಮತ್ತೆ ಅಂಗಡಿ ಮುಚ್ಚಬೇಕಾ?" ಎಂದು ಇಂಚುಮಾಮ ತಡವರಿಸಿದರು.

"ಅಂಗಡೀಲೇನು ಟಬ್ ಇದೆಯಾ? ಮನೇಲಿ ನಿಮ್ಮನ್ನ ಇಡೀ ದಿನ ಸಹಿಸೋಕೆ ನನ್ಗೇನು ಹುಚ್ಚಾ?"

ಹನ್ನೊಂದು ದಿನ ಒಡೆದು, ಕಟ್ಟಿ, ಒಣಗಿಸಿ ಮೇಸ್ತ್ರಿ ಹೋದ. ಹನ್ನೆರಡನೆಯ ದಿನ ಇಂಚುಮಾಮ ಒಳಗೆ ಹೋದರು. ದಾಟಲು ಅಂಚೇ ಇಲ್ಲ, ಆದರೂ ಕಾಲು ಅಂಚನ್ನು ಹುಡುಕಿತು. ಹಿಡಿಕೆಯನ್ನು ಬೆರಳು ಬಿಳಿಚುವಷ್ಟು ಬಿಗಿಹಿಡಿದು, ಕಣ್ಣುಮುಚ್ಚಿ ನೀರಿನ ಕೆಳಗೆ ನಿಂತರು.

"ಇದೀರಾ?" ಹೊರಗಿನಿಂದ ಹೆಂಡತಿ.

"ಇದೀನಿ."

ಅರೆ ನಿಮಿಷ ಕಳೆದಿರಲಿಲ್ಲ. "ಇದೀರಾ?"

"ಎಲ್ಲಿಗೆ ಹೋಗ್ಲಿ? ಇದೀನಿ."

ಮೂರನೆಯ ಸಲ ಉತ್ತರ ಬರಲಿಲ್ಲ. ಹೆಂಡತಿ ಬಾಗಿಲು ನೂಕಿದರು. ಒಳಗಿನಿಂದ ಚಿಲಕ ಹಾಕಿರಲಿಲ್ಲ. ಬಾಯಿ ತೆರೆಯಲಾಗದಷ್ಟು ಸೋಪಿನ ನೊರೆ ಮುಖದ ತುಂಬ ಮೆತ್ತಿಕೊಂಡು ಇಂಚುಮಾಮ ನೀರಿನಿಂದ ಒಂದು ಹೆಜ್ಜೆ ಆಚೆ ನೆಟ್ಟಗೆ ನಿಂತಿದ್ದರು, ಎರಡೂ ಹಿಡಿಕೆ ಹಿಡಿದು. ಸೋಪು ಹಚ್ಚಲು ಹೇಗೋ ಒಂದು ಕೈ ಬಿಟ್ಟಿದ್ದರು, ತೊಳೆದುಕೊಳ್ಳಲು ಮತ್ತೊಮ್ಮೆ ಬಿಡುವ ಧೈರ್ಯ ಇನ್ನೂ ಬಂದಿರಲಿಲ್ಲ.